ಸಿ ಭಾಷೆಯಲ್ಲಿ ಒಂದು ಸಾಲನ್ನು ಓದಿಕೊಳ್ಳುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕೆಲವರು ಹಗಲೆಲ್ಲ ಕಚೇರಿಯಲ್ಲಿ ದುಡಿದು ಸಂಜೆ ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದಾರೆ. ಅವರಲ್ಲಿ ಸಿ ಭಾಷೆಯನ್ನು ಕಲಿಯುವವರಿಗೆ ಎರಡು ಸಂಖ್ಯೆಗಳನ್ನು ಕೂಡಿಸುವ ಪಾಠದವರೆಗೆ ಎಲ್ಲವೂ ಸಲೀಸು. ಹೆಸರು, ಊರು, ವಿಳಾಸ ಎಂದು ಇಡೀ ಸಾಲನ್ನೇ ಓದಿಕೊಳ್ಳಬೇಕಾಗಿ ಬಂದೊಡನೆ ತೊಡಕು ಹುಟ್ಟುತ್ತದೆ. ಅದೇಕೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಅರ್ಜಿಯ ನಮೂನೆಗಳಲ್ಲಿ ಹೆಸರು ಬರೆಯಲು ಸಾಲಾಗಿ ಚೌಕದ ಮನೆಗಳನ್ನು ಅಚ್ಚು ಹಾಕಿರುತ್ತಾರಷ್ಟೆ. ಸಿ ಭಾಷೆಯಲ್ಲಿಯೂ ಹಾಗೆಯೇ, ಇಷ್ಟು ಮನೆಗಳು ಬೇಕೆಂದು ಮೊದಲೇ ಗೊತ್ತುಮಾಡಬೇಕು. ಈ ಸಾಲಿಗೆ ಬಫರ್ ಎಂದೂ ಒಂದೊಂದು ಮನೆಗೆ ಬೈಟ್ ಎಂದೂ ಹೆಸರು. ಮನೆಗಳು ಮುಗಿದ ಮೇಲೂ ನಾವು ಬರೆಯುತ್ತ ಹೋದರೆ ಕಿಟಕಿಯ ಆಚೆಗಿನ ಗುಮಾಸ್ತರು ಅರ್ಜಿಯನ್ನು ಹಿಂದಿರುಗಿಸುತ್ತಾರೆ. ಸಿ ಹಿಂದಿರುಗಿಸುವುದಿಲ್ಲ, ಪಕ್ಕದಲ್ಲಿ ಏನಿದೆಯೋ ಅದರ ಮೇಲೆಯೇ ಬರೆದುಬಿಡುತ್ತದೆ.

ಹಳೆಯ ಪಠ್ಯಪುಸ್ತಕಗಳಲ್ಲಿ ಇನ್ನೂ ಕಾಣುವ 'ಗೆಟ್ಸ್' ಎಂಬ ಆದೇಶದ ದೋಷ ಇದೇ. ಎಷ್ಟು ಮನೆಗಳಿವೆಯೆಂದು ಅದಕ್ಕೆ ತಿಳಿಸುವ ದಾರಿಯೇ ಇಲ್ಲ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿಯೊಬ್ಬ, ರಾಬರ್ಟ್ ಮಾರಿಸ್, ತಾನಾಗಿಯೇ ಹರಡುವ ಪ್ರೋಗ್ರಾಂ ಒಂದನ್ನು ಇಂಟರ್‌ನೆಟ್ಟಿಗೆ ಬಿಟ್ಟ. ಅದು ಹಿಡಿದ ದಾರಿಗಳಲ್ಲಿ ಇದೂ ಒಂದು. ಯಂತ್ರವನ್ನು ಯಾರು ಬಳಸುತ್ತಿದ್ದಾರೆಂದು ತಿಳಿಸುವ 'ಫಿಂಗರ್' ಸೇವೆ 512 ಬೈಟುಗಳ ಬಫರ್ ಇಟ್ಟುಕೊಂಡು, ಕೇಳಿಬಂದ ಸಾಲನ್ನು ಗೆಟ್ಸ್‌ನಿಂದ ಓದುತ್ತಿತ್ತು. ಮಾರಿಸನ ಪ್ರೋಗ್ರಾಂ ಕಳುಹಿಸಿದ್ದು 536 ಬೈಟು. ಮಿಗಿಲಾದವು ಪಕ್ಕದ ಜಾಗಕ್ಕೆ ಹರಿದು, ಯಂತ್ರವು ಮುಂದೆ ಯಾವ ಕೆಲಸಕ್ಕೆ ಹೋಗಬೇಕೆಂಬುದನ್ನೇ ಬದಲಿಸಿದವು. ಸಾವಿರಾರು ಕಂಪ್ಯೂಟರುಗಳು ಕುಂಠಿತವಾದವು. ಕಡೆಗೆ 2011ರ ಪರಿಷ್ಕರಣದಲ್ಲಿ ಗೆಟ್ಸನ್ನು ಭಾಷೆಯಿಂದಲೇ ತೆಗೆದುಹಾಕಿದರು. ಇಷ್ಟು ತಡವಾಗಬಾರದಿತ್ತೆಂಬುದು ನಮ್ಮ ಅಭಿಪ್ರಾಯ.

'ಸ್ಕ್ಯಾನ್‌ಎಫ್' ಸಾಲದೇ ಎಂದು ಕೇಳುವವರುಂಟು. ಪದವನ್ನು ಓದುವಾಗ ಅದು ತೆರಪು ಕಂಡಲ್ಲಿ ನಿಂತುಬಿಡುತ್ತದೆ. 'ಹೊಸ ದೆಹಲಿ' ಎಂದು ಒತ್ತಿದರೆ 'ಹೊಸ' ಮಾತ್ರ ಕೈಗೆ ಬಂದು, ದೆಹಲಿ ಮುಂದಿನ ಪ್ರಶ್ನೆಗೆ ಉತ್ತರವಾಗಿ ಕುಳಿತಿರುತ್ತದೆ.

ಆದುದರಿಂದ 'ಎಫ್‌ಗೆಟ್ಸ್' ಬಳಸುವುದು ಲೇಸು. ಅದಕ್ಕೆ ಬಫರಿನ ಹೆಸರು, ಮನೆಗಳ ಸಂಖ್ಯೆ, ಎಲ್ಲಿಂದ ಓದಬೇಕು ಎಂಬ ಮೂರನ್ನು ಕೊಡಬೇಕು. 32 ಎಂದರೆ ಅದು 31 ಬೈಟುಗಳಿಗೆ ಮೀರಿ ಓದುವುದಿಲ್ಲ; ಉಳಿದ ಒಂದು ಮನೆ ಕೊನೆಯನ್ನು ಸೂಚಿಸುವ ಸೊನ್ನೆಗೆ ಮೀಸಲು. ಎಂಟರ್ ಒತ್ತಿದ ಗುರುತನ್ನೂ ಅದು ಬಫರಿನಲ್ಲಿ ಇಡುತ್ತದೆ. ಇದನ್ನು ತೊಂದರೆಯೆಂದು ಕೆಲವರು ಗೊಣಗುತ್ತಾರೆ. ವಾಸ್ತವವಾಗಿ ನಮಗೆ ನೆರವಾಗುವುದು ಆ ಗುರುತೇ.

ಕನ್ನಡಿಗರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಇಂದು ಬಹುವಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟು ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೇಕು. ಏತ್ವ, ಗುಡಿಸು, ಒತ್ತಕ್ಷರವನ್ನು ಕೂಡಿಸುವ ವಿರಾಮ, ಇವೆಲ್ಲ ಬೇರೆ ಬೇರೆ ಸಂಕೇತಗಳೇ. 'ಬೆಟ್ಟದಹಳ್ಳಿ' ಎಂಬಲ್ಲಿ ಕಣ್ಣಿಗೆ ಐದೇ ಅಕ್ಷರ. ಯಂತ್ರಕ್ಕೆ 11 ಸಂಕೇತ, ಅಂದರೆ 33 ಬೈಟು. 32 ಮನೆಗಳ ಬಫರಿನಲ್ಲಿ ಎಫ್‌ಗೆಟ್ಸ್ 31 ಬೈಟುಗಳಿಗೇ ನಿಂತಾಗ ಕೊನೆಯ ಗುಡಿಸಿನ ಮೂರರಲ್ಲಿ ಒಂದು ಪಾಲು ಮಾತ್ರ ಒಳಗೆ ಬಂದಿರುತ್ತದೆ. ಹಳ್ಳಿ ಹೋಗಿ 'ಬೆಟ್ಟದಹಳ್ಳ' ಆಯಿತು. ಅದರ ಬಾಲಕ್ಕೊಂದು ಒಡಕು ಗುರುತು. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಮಿಕ್ಕ ಎರಡು ಬೈಟು ಮತ್ತು ಎಂಟರ್ ಗುರುತು ಹೊರಗೆ ಕಾದಿದ್ದು, ಮುಂದಿನ ಎಫ್‌ಗೆಟ್ಸ್ ಜಿಲ್ಲೆಯ ಹೆಸರಿಗಾಗಿ ಬಂದಾಗ ಅದರ ಕೈಗೆ ಸೇರುತ್ತವೆ. ಜಿಲ್ಲೆಯ ಅಂಕಣದಲ್ಲಿ ಕಸ, ಪಿನ್‌ಕೋಡಿನ ಅಂಕಣದಲ್ಲಿ ಜಿಲ್ಲೆ! ಮುಂದೆ ಆ ಪಟ್ಟಿಯನ್ನು ನಂಬಿ ಪತ್ರ ಕಳುಹಿಸಿದರೆ ಅದು ಮನೆ ಸೇರುವುದುಂಟೆ?

ಆದಕಾರಣ ಓದಿದ ಮೇಲೆ ಬಫರಿನಲ್ಲಿ ಎಂಟರ್ ಗುರುತು ಇದೆಯೇ ಎಂದು ನೋಡಬೇಕು. ಇದ್ದರೆ ಸಾಲು ಪೂರ್ತಿ ಬಂದಿದೆ; ಗುರುತನ್ನು ಅಳಿಸಿ ಅಲ್ಲಿ ಸೊನ್ನೆ ಇಡಬಹುದು. ಇಲ್ಲದಿದ್ದರೆ ಆ ಗುರುತು ಸಿಕ್ಕುವವರೆಗೆ ಉಳಿದುದನ್ನು ಓದಿ ಚೆಲ್ಲಿ, ಸಾಲು ಉದ್ದವಾಯಿತೆಂದು ತಿಳಿಸಿ, ಮತ್ತೆ ಕೇಳಬೇಕು. ಸದ್ದಿಲ್ಲದೆ ಕತ್ತರಿಸಿಟ್ಟುಕೊಳ್ಳುವುದು ಸಲ್ಲದು. ಕನ್ನಡದ ಹೆಸರುಗಳಿಗೆ 32ರ ಬದಲು 256 ಮನೆಗಳನ್ನು ಇಟ್ಟರೂ ನಷ್ಟವೇನಿಲ್ಲ.

ಲೈನಕ್ಸ್ ಯಂತ್ರದಲ್ಲಿ ಕೆಲಸ ಮಾಡುವವರಿಗೆ 'ಗೆಟ್‌ಲೈನ್' ಎಂಬ ಅನುಕೂಲವೂ ಉಂಟು. ಸಾಲು ಉದ್ದವಾದಂತೆ ಅದೇ ಜಾಗವನ್ನು ಹೆಚ್ಚಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ 'ಫ್ರೀ' ಆದೇಶದಿಂದ ಆ ಜಾಗವನ್ನು ಹಿಂದಕ್ಕೆ ಕೊಡುವ ಹೊಣೆ ಮಾತ್ರ ನಮ್ಮದು.

ಕೀಲಿಮಣೆಯಿಂದಲ್ಲದೆ ಕಡತದಿಂದ ಓದುವಾಗ ಇನ್ನೊಂದು ಸಂಗತಿ. ಓದಲು ಏನೂ ಉಳಿಯದಾಗ ಎಫ್‌ಗೆಟ್ಸ್ 'ನಲ್' ಎಂಬ ಉತ್ತರ ಕೊಡುತ್ತದೆ. ಪ್ರತಿ ಸಲವೂ ಅದನ್ನು ನೋಡಿಯೇ ಮುಂದುವರಿಯಬೇಕು. ಕಡತದ ಕಟ್ಟಕಡೆಯ ಸಾಲಿಗೆ ಕೆಲವೊಮ್ಮೆ ಎಂಟರ್ ಗುರುತು ಇರುವುದೇ ಇಲ್ಲ. ಆಗ ಗುರುತು ಕಾಣಲಿಲ್ಲವೆಂದು ಆ ಸಾಲನ್ನು ತಳ್ಳಿಹಾಕಬಾರದು. ಕಡತ ಮುಗಿದಿದೆಯೇ ಎಂದು 'ಎಫ್‌ಇಒಎಫ್' ಕೇಳಿ ನೋಡಿದರೆ ತಿಳಿಯುತ್ತದೆ.