ಸೆರೆಮನೆಯಲ್ಲಿ ಸಭೆ ಸೇರಿದ ಪುರಸಭೆ

ಇಂಗ್ಲೆಂಡಿನಲ್ಲಿ ‘ಬರೋ’ ಎಂಬುದು ಬಹು ಹಳೆಯ ಮಾತು. ಮೊದಲು ಕೋಟೆಯುಳ್ಳ ಊರಿಗೆ ಆ ಹೆಸರಿದ್ದಿತು. ಬಳಿಕ ಅರಸರಿಂದ ಸನ್ನದು ಪಡೆದು ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುವ ಪಟ್ಟಣಕ್ಕೆ ಅದು ಸಂದಿತು. ಲಂಡನ್ ಮಹಾನಗರದ ಬರೋಗಳಾದರೋ ಅಷ್ಟು ಪ್ರಾಚೀನವಾದುವಲ್ಲ. 1899ರ ಶಾಸನವೊಂದರಂತೆ, ನಡುವಣ ಹಳೆಯ ನಗರವನ್ನು ಬಿಟ್ಟು ಉಳಿದ ಲಂಡನ್ನನ್ನು 28 ಬರೋಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಒಂದು ಪುರಸಭೆಯನ್ನೂ ಒಬ್ಬ ಮೇಯರನ್ನೂ ಏರ್ಪಡಿಸಿದರು. ಅವುಗಳಲ್ಲಿ ಪಾಪ್ಲರ್ ಎಂಬುದೊಂದು. ಅದರ ವಿಸ್ತಾರ ಸುಮಾರು ಮೂರೂವರೆ ಚದರ ಮೈಲಿ. 1921ರಲ್ಲಿ ಅಲ್ಲಿದ್ದ ಜನ ಸುಮಾರು 1,60,000. ಇಷ್ಟು ಸಣ್ಣ ಸ್ಥಳದ ವೃತ್ತಾಂತವನ್ನು ನಾವು ವಾಚಕರ ಮುಂದಿಡುವುದಕ್ಕೆ ಕಾರಣವುಂಟು. ಮನೆಗಂದಾಯವೆಂಬ ಅತಿ ನೀರಸವಾದ ವಿಷಯಕ್ಕಾಗಿ ಪುರಸಭೆಯ ಸದಸ್ಯರು ಮುಂದಾಗಿ ಸೆರೆಮನೆಗೆ ನಡೆದುದು ಇಲ್ಲಿಯೇ.

ಪಾಪ್ಲರಿಗೆ ಮೂಡಲಲ್ಲಿ ಲೀ ನದಿ, ತೆಂಕಲಲ್ಲಿ ಥೇಮ್ಸ್ ನದಿ. ಥೇಮ್ಸ್ ಇಲ್ಲಿ ಕುದುರೆಯ ಲಾಳದಂತೆ ಬಾಗಿ ಹರಿಯುತ್ತದೆ. ಆ ಬಾಗಿನೊಳಗಣ ನೆಲಕ್ಕೆ ಐಲ್ ಆಫ್ ಡಾಗ್ಸ್, ಎಂದರೆ ನಾಯಿಗಳ ದ್ವೀಪ, ಎಂದು ಹೆಸರು. ಈ ಹೆಸರು ಬಂದ ಬಗೆಗೆ ಕಟ್ಟುಕಥೆಗಳು ಹಲವು. ಒಂದು ಕಾಲದಲ್ಲಿ ಅದು ಜೌಗುನೆಲ. ನದಿಯ ನೀರು ನುಗ್ಗದಂತೆ ಏರಿ ಹಾಕಿ ದನ ಮೇಯಿಸುತ್ತಿದ್ದರು. ಪಡುವಣ ಏರಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿದ್ದುದರಿಂದ ಆ ಭಾಗಕ್ಕೆ ಮಿಲ್‌ವಾಲ್ ಎಂದು ಹೆಸರಾಯಿತು.

ಈ ಸ್ಥಳಕ್ಕೂ ನಮ್ಮ ದೇಶಕ್ಕೂ ಇರುವ ನಂಟು ಹಳೆಯದು. ಇಲ್ಲಿಯ ಬ್ಲ್ಯಾಕ್‌ವಾಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು 1614ರಲ್ಲಿ ಹಡಗು ಕಟ್ಟುವ ಅಂಗಳವನ್ನು ಸ್ಥಾಪಿಸಿದರು. ಪಾಪ್ಲರಿನ ಹಳೆಯ ದೇವಾಲಯವೂ 1654ರಲ್ಲಿ ಆ ಕಂಪೆನಿಯ ಆಶ್ರಯದಲ್ಲಿ ಎದ್ದುದೇ. ಮುಂದೆ ವ್ಯಾಪಾರ ಹೆಚ್ಚಲು, ಹಡಗುಗಳನ್ನು ಒಳಗೆ ತಂದು ಸರಕು ಇಳಿಸುವುದಕ್ಕೆ ನೆಲವನ್ನಗೆದು ಡಾಕುಗಳೆಂಬ ದೊಡ್ಡ ಕೊಳಗಳನ್ನು ಕಟ್ಟಿಸಿದರು. ವೆಸ್ಟ್ ಇಂಡಿಯಾ ಡಾಕು 1802ರಲ್ಲಿಯೂ ಈಸ್ಟ್ ಇಂಡಿಯಾ ಡಾಕು 1806ರಲ್ಲಿಯೂ ಮಿಲ್‌ವಾಲ್ ಡಾಕು 1868ರಲ್ಲಿಯೂ ತೆರೆದುವು. ಸಕ್ಕರೆ, ಚಹ, ಮೆಣಸು ಮೊದಲಾದ ಲೋಕದ ಸಿರಿಯೆಲ್ಲವೂ ಪಾಪ್ಲರಿನ ದಡದಲ್ಲಿ ಇಳಿಯಿತು. ಇಳಿದ ಸಿರಿ ಮಾತ್ರ ಅಲ್ಲಿ ನಿಲ್ಲಲಿಲ್ಲ. ಹಡಗಿನೊಡೆಯರೂ ವರ್ತಕರೂ ಲಂಡನ್ನಿನ ಪಡುವಣ ಬಡಾವಣೆಗಳಲ್ಲಿ ವಾಸವಾಗಿದ್ದರು. ಮೂಟೆ ಹೊರುವವರು ಪಾಪ್ಲರಿನಲ್ಲಿದ್ದರು. ಹಡಗು ಬಂದ ದಿನ ಕೂಲಿ, ಬಾರದ ದಿನ ಉಪವಾಸ. ಬೆಳಗಾದರೆ ಡಾಕಿನ ಬಾಗಿಲಲ್ಲಿ ಗುಂಪು ಸೇರುವುದು. ಮೇಸ್ತ್ರಿಯು ಬೆರಳು ತೋರಿಸಿದವನಿಗೆ ಕೆಲಸ, ಉಳಿದವರು ಬರಿಗೈಯಲ್ಲಿ ಮನೆಗೆ. ಬೋ ಎಂಬ ಭಾಗದ ಬೆಂಕಿಕಡ್ಡಿ ಕಾರ್ಖಾನೆಯ ಹೆಣ್ಣುಮಕ್ಕಳ ಪಾಡೂ ಇದಕ್ಕಿಂತ ಮೇಲಾಗಿರಲಿಲ್ಲ. 1888ರಲ್ಲಿ ಅವರ ಕಷ್ಟವನ್ನು ಬರೆದು ಲೋಕಕ್ಕೆ ತಿಳಿಸಿದಾಕೆ, ಮುಂದೆ ನಮ್ಮ ದೇಶಕ್ಕೆ ಬಂದು ನೆಲಸಿದ ಆನಿ ಬೆಸೆಂಟ್ ಅಮ್ಮನವರು.

ಇನ್ನು ಕಂದಾಯದ ಮಾತು. ಮನೆಗಳ ಬಾಡಿಗೆಯ ಬೆಲೆಯನ್ನು ಕಟ್ಟಿ, ಪೌಂಡಿಗೆ ಇಷ್ಟು ಪೆನ್ನಿ ಎಂದು ಪುರಸಭೆಯು ಕಂದಾಯ ಎತ್ತುತ್ತಿದ್ದಿತು. ನಿರುದ್ಯೋಗಿಗಳಿಗೂ ದೀನರಿಗೂ ಕೊಡತಕ್ಕ ಸಹಾಯದ ವೆಚ್ಚವನ್ನು ಬಹುಮಟ್ಟಿಗೆ ಆಯಾ ಬರೋದ ಜನವೇ ಹೊರಬೇಕಾಗಿದ್ದಿತು. ಭಾಗ್ಯವಂತರ ವೆಸ್ಟ್‌ಮಿನ್‌ಸ್ಟರಿನಲ್ಲಿ ಪೌಂಡಿಗೆ ಒಂದು ಪೆನ್ನಿಯಂತೆ ಎತ್ತಿದರೆ, ಪಾಪ್ಲರಿನಲ್ಲಿ ಅದೇ ದರಕ್ಕೆ ಬರುವುದರ ಎಂಟರಷ್ಟಕ್ಕೂ ಹೆಚ್ಚು ಹಣ ಬರುತ್ತಿದ್ದಿತು. ಅಲ್ಲಿ ದೀನರೋ ವಿರಳ. ಬಡವರು ಹೆಚ್ಚಿದ್ದಲ್ಲಿ ಕಂದಾಯ ಹೆಚ್ಚು, ಅದನ್ನು ತೆರತಕ್ಕವರೂ ಬಡವರೇ. ಇದಕ್ಕೆ ಮೇಲೆ, ಲಂಡನ್ ಕೌಂಟಿ ಕೌನ್ಸಿಲು, ಪೊಲೀಸು, ನೀರು, ರೋಗಿಗಳ ಆಲಯ ಇವುಗಳ ಮಂಡಲಿಗಳಿಗಾಗಿಯೂ ಪುರಸಭೆಯೇ ಹಣ ಎತ್ತಿ ಒಪ್ಪಿಸಬೇಕಾಗಿದ್ದಿತು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರ ಚುನಾವಣೆಯಲ್ಲಿ ಕಾರ್ಮಿಕ ಪಕ್ಷದವರು ಪುರಸಭೆಯ 42 ಸ್ಥಾನಗಳಲ್ಲಿ 39ನ್ನು ಗೆದ್ದರು. ಡಾಕಿನ ಕೂಲಿಗಳು, ರೈಲ್ವೆಯ ಕೆಲಸಗಾರರು, ಗೃಹಿಣಿಯರು ಸದಸ್ಯರಾದರು. ಜಾರ್ಜ್ ಲ್ಯಾನ್ಸ್‌ಬರಿ ಮೇಯರಾದನು. ಪುರಸಭೆಯ ನೌಕರರಿಗೆ, ಗಂಡಸಾಗಲಿ ಹೆಂಗಸಾಗಲಿ, ವಾರಕ್ಕೆ ಕನಿಷ್ಠ ನಾಲ್ಕು ಪೌಂಡು ಸಂಬಳವೆಂದು 1920ರಲ್ಲಿ ಗೊತ್ತುಮಾಡಿದರು. ಅಷ್ಟರಲ್ಲಿ ನಿರುದ್ಯೋಗ ಹೆಚ್ಚಿತು. ಕಂದಾಯವನ್ನು ಇನ್ನೂ ಏರಿಸಿದರೆ ಬಡ ಬಾಡಿಗೆದಾರನೇ ತೆರಬೇಕು. ಏರಿಸದಿದ್ದರೆ ದೀನರಿಗೆ ಅನ್ನವಿಲ್ಲ. 1921ರ ಮಾರ್ಚಿಯಲ್ಲಿ ಸದಸ್ಯರು ಮೂರನೆಯ ದಾರಿಯನ್ನು ಹಿಡಿದರು: ಹೊರಗಿನ ಮಂಡಲಿಗಳಿಗೆ ಕೊಡತಕ್ಕ ಹಣವನ್ನು ಎತ್ತುವುದೇ ಇಲ್ಲವೆಂದು ನಿಶ್ಚಯಿಸಿದರು. ಇದು ಕಾನೂನಿಗೆ ವಿರುದ್ಧವೆಂದು ಅವರಿಗೆ ಚೆನ್ನಾಗಿ ತಿಳಿದಿದ್ದಿತು.

ವ್ಯಾಜ್ಯ ಹೂಡಿದರು. ಜುಲೈ 29ರಂದು ಮೇಯರ್ ಸ್ಯಾಮ್ ಮಾರ್ಚ್ ಅಧಿಕಾರದ ಸರವನ್ನು ಧರಿಸಿ, ಮುಂದೆ ದಂಡಧರನನ್ನಿಟ್ಟುಕೊಂಡು, ಸಾವಿರಾರು ಜನರೊಡನೆ ನ್ಯಾಯಸ್ಥಾನಕ್ಕೆ ನಡೆದುಹೋದನು. ಸೆಪ್ಟೆಂಬರಿನಲ್ಲಿ ಮೂವತ್ತು ಮಂದಿ ಸದಸ್ಯರು ಸೆರೆಯಾದರು. ಗಂಡಸರು ಬ್ರಿಕ್ಸ್‌ಟನ್ ಸೆರೆಮನೆಯಲ್ಲಿ, ಐವರು ಹೆಂಗಸರು ಹಾಲೋವೇಯಲ್ಲಿ. ಅವರಲ್ಲಿ ನೆಲ್ಲಿ ಕ್ರೆಸಲ್ ಎಂಬಾಕೆ ಗರ್ಭಿಣಿ. ಪುರಸಭೆಯ ಕೆಲಸ ನಿಲ್ಲಬಾರದಷ್ಟೆ! ಆದುದರಿಂದ ಸಭೆಗಳು ಬ್ರಿಕ್ಸ್‌ಟನ್ ಸೆರೆಮನೆಯಲ್ಲಿಯೇ ನಡೆದುವು. ಹೆಂಗಸರನ್ನು ಮೋಟಾರಿನಲ್ಲಿ ಅಲ್ಲಿಗೆ ಕರೆತರುತ್ತಿದ್ದರು. ಲ್ಯಾನ್ಸ್‌ಬರಿ ಕಿಟಕಿಯ ಸರಳುಗಳ ಹಿಂದಿನಿಂದ ಹೊರಗೆ ನೆರೆದ ಜನರಿಗೆ ಭಾಷಣ ಮಾಡುತ್ತಿದ್ದನು. ನೆರೆಯ ಸ್ಟೆಪ್ನಿ, ಬೆತ್ನಲ್ ಗ್ರೀನ್ ಬರೋಗಳೂ ಇದೇ ದಾರಿ ಹಿಡಿಯಲು ನಿಶ್ಚಯಿಸಲು, ಸರ್ಕಾರದ ಪಟ್ಟು ಸಡಿಲಿತು. ಅಕ್ಟೋಬರ್ 12ರಂದು ಸದಸ್ಯರ ಬಿಡುಗಡೆಯಾಯಿತು. ಕೆಲವು ವಾರಗಳಲ್ಲಿಯೇ, ದೀನರ ಸಹಾಯದ ಭಾರವನ್ನು ಲಂಡನ್ನಿನ ಬರೋಗಳೆಲ್ಲ ಹಂಚಿಕೊಳ್ಳತಕ್ಕದ್ದೆಂದು ಶಾಸನವಾಯಿತು.

ಗೆಲವು ಬಿಟ್ಟಿಯಾಗಿ ಬರಲಿಲ್ಲ. ಲ್ಯಾನ್ಸ್‌ಬರಿಯ ಸೊಸೆ ಮಿನ್ನಿ ಸೆರೆಯಿಂದ ಬಂದ ಮೂರು ತಿಂಗಳೊಳಗೆ, 1922ರ ಜನವರಿ 1ರಂದು, ನ್ಯುಮೋನಿಯಾದಿಂದ ತೀರಿಕೊಂಡಳು, ವಯಸ್ಸು ಮೂವತ್ತೆರಡು. ನಾಲ್ಕು ಪೌಂಡಿನ ಸಂಬಳವನ್ನೂ 1925ರಲ್ಲಿ ದೇಶದ ಅತ್ಯುಚ್ಚ ನ್ಯಾಯಪೀಠವು ತಳ್ಳಿಹಾಕಿತು: ಕಂದಾಯದ ಹಣವು ಔದಾರ್ಯ ತೋರುವುದಕ್ಕಲ್ಲ ಎಂಬುದು ಅದರ ಅಭಿಪ್ರಾಯ. ಕಂದಾಯ ತೆರುವವರ ಪಕ್ಷಕ್ಕೂ ನ್ಯಾಯವುಂಟೆಂದು ನಾವು ಒಪ್ಪುತ್ತೇವೆ. ಆದರೆ ಪಾಪ್ಲರಿನಲ್ಲಿ ತೆರುವವರೇ ಆ ಸದಸ್ಯರನ್ನು ಮತ್ತೆ ಮತ್ತೆ ಆರಿಸಿದರೆಂಬುದನ್ನು ಮರೆಯುವಂತಿಲ್ಲ.

1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಮಹಾತ್ಮಾ ಗಾಂಧಿಯವರು ಲಂಡನ್ನಿನ ದೊಡ್ಡ ಹೋಟೆಲುಗಳನ್ನು ಬಿಟ್ಟು ತಂಗಿದುದು ಈ ಬರೋದಲ್ಲಿಯೇ, ಮ್ಯೂರಿಯಲ್ ಲೆಸ್ಟರ್ ಎಂಬಾಕೆಯ ಕಿಂಗ್ಸ್‌ಲಿ ಹಾಲಿನಲ್ಲಿ. ಆಕೆಯೂ ಹಿಂದೆ ಪಾಪ್ಲರ್ ಪುರಸಭೆಯಲ್ಲಿ ಕೆಲಸ ಮಾಡಿದವಳು.

1965ರಲ್ಲಿ ಪಾಪ್ಲರ್ ಬರೋ ಸ್ಟೆಪ್ನಿ, ಬೆತ್ನಲ್ ಗ್ರೀನ್‌ಗಳೊಡನೆ ಕೂಡಿ ಟವರ್ ಹ್ಯಾಮ್ಲೆಟ್ಸ್ ಎಂಬ ದೊಡ್ಡ ಬರೋ ಆಯಿತು. ಡಾಕುಗಳು 1980ರ ವೇಳೆಗೆ ಮುಚ್ಚಿದುವು. ವೆಸ್ಟ್ ಇಂಡಿಯಾ ಡಾಕಿನ ನೀರಿನಂಚಿನಲ್ಲಿ ಈಗ ಕೆನರಿ ವಾರ್ಫ್ ಎಂಬ ಬ್ಯಾಂಕುಗಳ ಗೋಪುರಗಳೆದ್ದಿವೆ. ಬೋ ರಸ್ತೆಯ ಕಟ್ಟಡವೊಂದರ ಮೇಲೆ ಮಿನ್ನಿ ಲ್ಯಾನ್ಸ್‌ಬರಿಯ ನೆನಪಿನ ಗಡಿಯಾರವೊಂದುಂಟು; 2008ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದರು.