ಒಂದಕ್ಕೆ ಅವಸರವೇ? ಮಾತ್ರೆ ಇದೆ, ಮುಜುಗರ ಬೇಡ

ತಿರುಪ್ಪೂರು: ಊರಿಗೆ ಹೋಗುವ ದಿನ ಬೆಳಗ್ಗೆಯಿಂದ ನೀರು ಮುಟ್ಟದಿರುವುದು, ದಿಂಬಂ ಘಾಟಿಯ 27 ತಿರುವು ದಾಟುವವರೆಗೂ ಬಸ್ಸಿನಲ್ಲಿ ಹಲ್ಲು ಕಚ್ಚಿ ಕೂರುವುದು, ಮದುವೆ ಮನೆಗೆ ಹೋದರೆ ಮೊದಲು ಬಚ್ಚಲು ಎಲ್ಲಿದೆ ಎಂದು ನೋಡಿಕೊಳ್ಳುವುದು... ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಕನ್ನಡ ಮನೆಗಳಲ್ಲಿ ಹೀಗೆ ದಿನ ದೂಡುವ ಹೆಂಗಸರು, ಹಿರಿಯರು ಇದ್ದಾರೆ. ಕೇಳಿದರೆ 'ವಯಸ್ಸಾಯ್ತಲ್ಲ, ಇನ್ನೇನು' ಅಂತಾರೆ. ಆದರೆ ಇದು ವಯಸ್ಸಿನ ಹಣೆಬರಹವಲ್ಲ, ಚಿಕಿತ್ಸೆ ಇರುವ ತೊಂದರೆ.

ವೈದ್ಯರು ಇದನ್ನು 'ಓವರ್ ಆ್ಯಕ್ಟಿವ್ ಬ್ಲ್ಯಾಡರ್' ಎನ್ನುತ್ತಾರೆ. ಮೂತ್ರಕೋಶ ತುಂಬುವ ಮೊದಲೇ ಅದರ ಸ್ನಾಯು ಹಿಂಡತೊಡಗುತ್ತದೆ. ತಡೆಯಲಾಗದ ಅವಸರ, ದಿನಕ್ಕೆ ಎಂಟಕ್ಕಿಂತ ಹೆಚ್ಚು ಸಲ ಹೋಗುವುದು, ರಾತ್ರಿ ಪದೇ ಪದೇ ಏಳುವುದು ಇದರ ಲಕ್ಷಣ. ಕೆಲವರಿಗೆ ಬಾಗಿಲು ಮುಟ್ಟುವಷ್ಟರಲ್ಲೇ ಸೋರಿಕೆಯೂ ಆಗುತ್ತದೆ. ಆದರೆ ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಗಂಡಸರಲ್ಲಿ ಪ್ರಾಸ್ಟೇಟ್ ಊತದಿಂದಲೂ ಹೀಗಾಗಬಹುದು. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ.

ಎರಡು ಬಗೆಯ ಮಾತ್ರೆ

ಆಕ್ಸಿಬ್ಯುಟಿನಿನ್, ಟಾಲ್ಟೆರೋಡಿನ್, ಸೋಲಿಫೆನಾಸಿನ್ ಹಳೆಯ ಬಗೆಯವು. ಮೂತ್ರಕೋಶ ಹಿಂಡುವಂತೆ ನರ ಕೊಡುವ ಸೂಚನೆಯನ್ನು ಇವು ತಡೆಯುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಇವುಗಳ ಅಡ್ಡ ಪರಿಣಾಮ. ವಯಸ್ಸಾದವರಿಗೆ ಮರೆವು, ಗೊಂದಲ ಕಾಣಿಸಬಹುದು. ಗ್ಲಾಕೋಮಾ ಇದ್ದರೆ ಮೊದಲೇ ಹೇಳಬೇಕು.

ಮಿರಾಬೆಗ್ರಾನ್ ಹೊಸ ಬಗೆ. 2011ರಲ್ಲಿ ಜಪಾನ್, 2012ರಲ್ಲಿ ಅಮೆರಿಕ ಇದಕ್ಕೆ ಅನುಮತಿ ನೀಡಿದವು. ಇದು ಸ್ನಾಯುವನ್ನು ಸಡಿಲಿಸುತ್ತದೆ, ಬಾಯಿ ಒಣಗುವುದು ಕಡಿಮೆ. ಆದರೆ ಬಿಪಿ ಏರಿಸಬಹುದು. ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ, 180/110 ದಾಟಿದವರಿಗೆ ಇದು ಸಲ್ಲ. ಈ ಮಾತ್ರೆಯನ್ನು ಅಗಿಯದೆ, ಪುಡಿ ಮಾಡದೆ ಇಡಿಯಾಗಿ ನುಂಗಬೇಕು.

ವಾರಕ್ಕೇ ಬಿಡಬೇಡಿ

ಹಲವರು ಎಡವುವುದು ಇಲ್ಲೇ. ನಾಲ್ಕು ದಿನ ನುಂಗಿ 'ಏನೂ ಆಗ್ಲಿಲ್ಲ' ಅಂತ ಬಿಟ್ಟುಬಿಡುತ್ತಾರೆ. ಪೂರ್ತಿ ಗುಣ ತಿಳಿಯಲು ನಾಲ್ಕರಿಂದ ಎಂಟು ವಾರ ಬೇಕು. ಬಾಯಿ ಒಣಗಿದರೆ ವೈದ್ಯರಿಗೆ ಹೇಳಿ. ಪ್ರಮಾಣ ತಗ್ಗಿಸಬಹುದು, ಮಾತ್ರೆ ಬದಲಿಸಬಹುದು. ಆದರೆ ಮೂತ್ರ ಕಟ್ಟಿಕೊಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಮಾತ್ರೆ ತರುವುದು ಬೇಡವೇ ಬೇಡ.

ನೀರು ಕುಡಿಯುವುದನ್ನು ನಿಲ್ಲಿಸುವುದೂ ತಪ್ಪು. ಮೂತ್ರ ಗಟ್ಟಿಯಾಗಿ ಅವಸರ ಹೆಚ್ಚುತ್ತದೆ, ಮಲಬದ್ಧತೆಯೂ ಸೇರಿಕೊಳ್ಳುತ್ತದೆ. ಕಡಿಮೆ ಮಾಡಬೇಕಾದ್ದು ಕಾಫಿ, ಟೀ. ಅವಸರ ಬಂದಾಗ ಓಡದೆ ನಿಂತು, ಕೆಳಹೊಟ್ಟೆಯ ತಳದ ಸ್ನಾಯು ಬಿಗಿಹಿಡಿದು, ಆಮೇಲೆ ನಿಧಾನವಾಗಿ ಹೋಗುವ ಅಭ್ಯಾಸ ಮಾತ್ರೆಯಷ್ಟೇ ಮುಖ್ಯ.

ಬನಿಯನ್ ಕಂಪನಿಗಳಲ್ಲಿ ಪೀಸ್ ರೇಟ್‌ಗೆ ಹೊಲಿಯುವ ಹೆಣ್ಣುಮಕ್ಕಳಿಗೆ ಮಿಷನ್ ಬಿಟ್ಟು ಏಳುವುದೆಂದರೆ ಕೂಲಿ ಕಳೆದುಕೊಂಡಂತೆ. ಆದರೆ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ, ಅದೂ ಕೆಲಸದ ಹೊತ್ತಿನಲ್ಲೆಲ್ಲ ಬಳಸುವಂತೆ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅದು ದಯೆಯಲ್ಲ, ಹಕ್ಕು.

ತಮಿಳಲ್ಲಿ ಹೇಳೋದು ಹೇಗೆ?

ಚಾಮರಾಜನಗರದ ಕಡೆಯಿಂದ ಮಕ್ಕಳ ಮನೆಗೆ ಬಂದ ತಾಯಂದಿರಿಗೆ ಭಾಷೆಯೂ ತೊಡಕು. ಜೊತೆಗೆ ಮಗ ಬಂದರೆ ಅವನೆದುರು ಬಾಯೇ ಬರುವುದಿಲ್ಲ. ಸೊಸೆ, ಮಗಳು ಜೊತೆಗಿದ್ದರೆ ಒಳ್ಳೇದು. 'ಸಿರುನೀರ್ ಅಡಕ್ಕ ಮುಡಿಯಲ' ಎಂದರೆ ಸಾಕು, ಮೂತ್ರ ತಡೆಯಲಾಗುತ್ತಿಲ್ಲ ಎಂಬುದು ವೈದ್ಯರಿಗೆ ತಿಳಿಯುತ್ತದೆ. ಮೂರು ದಿನ ಎಷ್ಟು ಸಲ ಹೋದಿರಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಿಪಿ, ಸಕ್ಕರೆ, ನಿದ್ದೆ, ಶೀತದ ಮಾತ್ರೆ ಏನೇ ನುಂಗುತ್ತಿದ್ದರೂ ಅದರ ಹಾಳೆಯನ್ನೂ ಒಯ್ಯಿರಿ. ಬಿಪಿಗೆಂದು ಕೊಡುವ ಕೆಲವು ಮಾತ್ರೆಗಳೇ ಮೂತ್ರ ಹೆಚ್ಚಿಸುತ್ತವೆ. ನುಂಗುವ ಹೊತ್ತು ಬದಲಿಸಿದರೆ ರಾತ್ರಿ ಏಳುವುದು ತಗ್ಗಬಹುದು.

ತಮಿಳುನಾಡು ಸರ್ಕಾರ 2021ರಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಬಿಪಿ, ಸಕ್ಕರೆ ಮಾತ್ರೆ ಕೊಡಲು ಮನೆಗೇ ಬರುವವರು ಹೆಂಗಸರೇ. ಆಸ್ಪತ್ರೆಯಲ್ಲಿ ಹೇಳಲು ಸಂಕೋಚವಾದರೆ ಮೊದಲ ಮಾತನ್ನು ಅವರ ಬಳಿ ಆಡಿದರೂ ಆದೀತು.