ಬೆಳ್ಳಿಯಲ್ಲಿ ಎರಕಗೊಂಡ ಊರು: ವಿಚೆಂಜಾ

ಉತ್ತರ ಇಟಲಿಯ ವಿಚೆಂಜಾ, ವೆನಿಸ್‌ನಿಂದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಪಡುವಾ ಮತ್ತು ವೆರೋನಾ ನಡುವೆ ಇರುವ ನಗರ. ಜನಸಂಖ್ಯೆ ಒಂದು ಲಕ್ಷಕ್ಕಿಂತ ತುಸು ಹೆಚ್ಚು. ವೆನಿಸ್‌ಗೆ ಹೊರಟ ಪ್ರವಾಸಿಗರಲ್ಲಿ ಹೆಚ್ಚಿನವರು ರೈಲಿನ ಕಿಟಕಿಯಿಂದಲೇ ಇದನ್ನು ನೋಡಿ ಮುಂದೆ ಹೋಗುತ್ತಾರೆ. ಊರಿನ ಹೆಸರು ನಿಂತಿರುವುದು ಎರಡು ಕಸುಬುಗಳ ಮೇಲೆ: ವಾಸ್ತುಶಿಲ್ಪಿ ಆಂದ್ರೇಯಾ ಪಲ್ಲಾದಿಯೋ ಕಟ್ಟಿದ ಮನೆ, ಮಹಲುಗಳು ಒಂದು, ಚಿನ್ನದ ಕೆಲಸ ಇನ್ನೊಂದು.

ಈ ಎರಡೂ ಕಸುಬುಗಳು ಕೂಡಿದ ವಸ್ತುವೊಂದು ಇಲ್ಲಿತ್ತು. ಊರಿನ ದಕ್ಷಿಣಕ್ಕಿರುವ ಮೊಂತೆ ಬೆರಿಕೋ ಗುಡ್ಡದ ಮೇರಿ ಮಾತೆಗೆ ಪ್ಲೇಗಿನ ಕಾಲದಲ್ಲಿ ಹರಕೆ ಹೊರುವುದು ವಿಚೆಂಜಾದ ಹಳೆಯ ವಾಡಿಕೆ. ಆ ಗುಡ್ಡದ ಇಗರ್ಜಿ ಹುಟ್ಟಿದ್ದೂ 15ನೆಯ ಶತಮಾನದ ಪ್ಲೇಗಿನಲ್ಲೇ. 1570ರ ದಶಕದಲ್ಲಿ ಪ್ಲೇಗು ಮತ್ತೆ ವೆನಿಸ್ ಸೀಮೆಯನ್ನು ಹೊಕ್ಕಾಗ ಊರಿನ ಹಿರಿಯರು ಇಡೀ ಊರನ್ನೇ ಬೆಳ್ಳಿಯಲ್ಲಿ ಮಾಡಿಸಿ ಒಪ್ಪಿಸಿದರು. ಕೋಟೆಗೋಡೆ, ಗೋಪುರ, ಮನೆಗಳ ಸೂರು ಎಲ್ಲವೂ ಇದ್ದ ಆ ಮಾದರಿಯ ವಿನ್ಯಾಸ ಪಲ್ಲಾದಿಯೋನದೇ ಎಂದು ಊರಿನವರ ನಂಬಿಕೆ. ಅದನ್ನು ‘ವಿಚೆಂಜಾದ ಆಭರಣ’ ಎಂದೇ ಕರೆದರು. ಸುಮಾರು ಇನ್ನೂರು ವರ್ಷ ಅದು ಹರಕೆಯ ವಸ್ತುವಾಗಿ ಉಳಿಯಿತು. 1797ರಲ್ಲಿ ನೆಪೋಲಿಯನ್ನನ ಸೇನೆ ಬಂದಾಗ ಇಗರ್ಜಿಗಳ ಬೆಳ್ಳಿಯ ಜೊತೆ ಅದೂ ಕಾಣೆಯಾಯಿತು.

ಹಾಗೆಂದು ಊರು ಅದನ್ನು ಮರೆಯಲಿಲ್ಲ. ಊರಿನ ಪೋಷಕ ಸಂತ ವಿನ್ಸೆಂಟ್ ಹಳೆಯ ವರ್ಣಚಿತ್ರಗಳಲ್ಲಿ ಊರಿನ ಪುಟ್ಟ ಮಾದರಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಈ ಶತಮಾನದ ಎರಡನೆಯ ದಶಕದಲ್ಲಿ ಇಂಥ ಚಿತ್ರಗಳನ್ನೇ ಆಧಾರ ಮಾಡಿಕೊಂಡು ಸ್ಥಳೀಯ ಕುಶಲಕರ್ಮಿಗಳು ಹೊಸ ಬೆಳ್ಳಿಯ ಊರೊಂದನ್ನು ಮಾಡಿದರು. ನಾಗರಿಕರು ಮನೆಯ ಬೆಳ್ಳಿಯನ್ನು ಕೊಟ್ಟರು. ಕಳೆದುಹೋದ ಒಡವೆಯನ್ನು ಚಿತ್ರ ನೋಡಿ ಮತ್ತೆ ಮಾಡುವುದಕ್ಕೆ ಎಷ್ಟು ಕೈಗಳ ಕೌಶಲ ಬೇಕೆಂದು ಯಾವ ಅಕ್ಕಸಾಲಿಗನೂ ಹೇಳಬಲ್ಲ. ಆ ಕೌಶಲ ಒಂದೇ ಊರಿನೊಳಗೆ ಇನ್ನೂ ಸಿಕ್ಕಿತೆಂಬುದೇ ದೊಡ್ಡ ಮಾತು.

ಪಲ್ಲಾದಿಯೋ ಹುಟ್ಟಿದ್ದು 1508ರಲ್ಲಿ, ಪಡುವಾದಲ್ಲಿ, ಹಿಟ್ಟಿನ ಗಿರಣಿಯವನ ಮಗನಾಗಿ. ಕಲ್ಲು ಕೆತ್ತುವ ಕೆಲಸ ಕಲಿಯುತ್ತಲೇ ವಿಚೆಂಜಾಕ್ಕೆ ಬಂದ. ಇಲ್ಲಿನ ಶ್ರೀಮಂತ ವಿದ್ವಾಂಸ ಜಾನ್ ಜೋರ್ಜೋ ತ್ರಿಸ್ಸಿನೋ ಅವನಿಗೆ ಓದು, ಹೊಸ ಹೆಸರು ಮತ್ತು ರೋಮಿನ ಪ್ರವಾಸ, ಮೂರನ್ನೂ ಕೊಟ್ಟ. ಊರ ನಡುವಿನ ಚೌಕದಲ್ಲಿರುವ ಮಧ್ಯಯುಗದ ಸಭಾಭವನದ ಸುತ್ತಣ ಮೊಗಸಾಲೆ ಕುಸಿದು ದಶಕಗಳೇ ಆಗಿದ್ದವು. ಹೆಸರಾಂತ ಶಿಲ್ಪಿಗಳ ಸಲಹೆ ಪಡೆದೂ ತೀರ್ಮಾನಕ್ಕೆ ಬಾರದ ಊರಿನ ಸಭೆ 1549ರಲ್ಲಿ ಕೆಲಸವನ್ನು ಪಲ್ಲಾದಿಯೋಗೆ ಒಪ್ಪಿಸಿತು. ಹಳೆಯ ಕಟ್ಟಡದ ಅಂಕಣಗಳ ಅಗಲ ಒಂದರಂತೆ ಒಂದಿರಲಿಲ್ಲ. ಅವನು ನಡುವಿನ ಕಮಾನುಗಳನ್ನು ಒಂದೇ ಅಳತೆಯಲ್ಲಿಟ್ಟು, ಇಕ್ಕೆಲದ ಕಿರಿದಾದ ತೆರಪುಗಳನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿದ. ಮೂಲೆಗಳಲ್ಲಿ ತೆರಪು ಬಹಳ ಇಕ್ಕಟ್ಟು. ಚೌಕದಿಂದ ನೋಡುವ ಕಣ್ಣಿಗೆ ಸಾಲು ಸಮವಾಗಿಯೇ ಕಾಣುತ್ತದೆ. ಬೆಸಿಲಿಕಾ ಎಂದು ಹೆಸರಾದ ಈ ಕಟ್ಟಡ ಮುಗಿದದ್ದು 17ನೆಯ ಶತಮಾನದಲ್ಲಿ. ಪಲ್ಲಾದಿಯೋ 1580ರಲ್ಲೇ ತೀರಿಕೊಂಡಿದ್ದ.

ಬೆಸಿಲಿಕಾದ ಮೊಗಸಾಲೆ ಬಿಳಿ ಕಲ್ಲಿನದು. ಊರಿನ ಉಳಿದ ಮಹಲುಗಳ ಗುಟ್ಟು ಬೇರೆ. ಅಮೃತಶಿಲೆಯಂತೆ ಕಾಣುವ ಅವುಗಳ ಕಂಬಗಳಲ್ಲಿ ಬಹುಪಾಲು ಇಟ್ಟಿಗೆಯವು. ಮೇಲೆ ನುಣ್ಣಗೆ ತೀಡಿದ ಗಾರೆ, ಬುಡಕ್ಕೂ ಬೋದಿಗೆಗೂ ಮಾತ್ರ ಕಲ್ಲು. ಎಲ್ಲರ ಜೇಬಿಗೂ ಕಲ್ಲು ಎಟುಕುತ್ತಿರಲಿಲ್ಲ. ಬೆಸಿಲಿಕಾದ ಎದುರಿಗೇ ಇರುವ ಲೋಜಾ ದೆಲ್ ಕಪಿತಾನಿಯಾತೋದ ದೊಡ್ಡ ಕಂಬಗಳಲ್ಲಿ ಈಗ ಕೆಂಪು ಇಟ್ಟಿಗೆ ಬಯಲಾಗಿಯೇ ಕಾಣುತ್ತದೆ. ಪಲ್ಲಾದಿಯೋನ ಕೊನೆಯ ಕೆಲಸವಾದ ನಾಟಕಶಾಲೆ ತೆಯಾತ್ರೋ ಒಲಿಂಪಿಕೋ ಅಂತೂ ಮರ ಮತ್ತು ಗಾರೆಯ ಚಮತ್ಕಾರ. 1585ರಲ್ಲಿ ಸೊಫೋಕ್ಲಿಸ್‌ನ ಈಡಿಪಸ್ ನಾಟಕದೊಂದಿಗೆ ಅದು ತೆರೆಯಿತು. ರಂಗದ ಹಿಂದಿನ ಬೀದಿಗಳನ್ನು ವಾಸ್ತುಶಿಲ್ಪಿ ಸ್ಕಮೋತ್ಸಿ ಕಟ್ಟಿದ. ಕೆಲವೇ ಮೀಟರ್ ಆಳದ ಅವು ಬಹುದೂರ ಸಾಗಿದಂತೆ ತೋರುತ್ತವೆ. ಪಲ್ಲಾದಿಯೋ ಊರ ಹೊರಗೆ ಕಟ್ಟಿದ ವಿಲ್ಲಾ ರೊತೊಂದಾ ನಾಲ್ಕೂ ಕಡೆ ಒಂದೇ ಮುಖದ ಮನೆ. 1994ರಲ್ಲಿ ಯುನೆಸ್ಕೊ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಿನ್ನದ ಕೆಲಸ ಪಲ್ಲಾದಿಯೋನ ಕಾಲಕ್ಕಿಂತಲೂ ಹಳೆಯದು. ಅಕ್ಕಸಾಲಿಗರ ಸಂಘ 14ನೆಯ ಶತಮಾನದಲ್ಲೇ ಇತ್ತು. 16ನೆಯ ಶತಮಾನದ ವಲೇರಿಯೋ ಬೆಲ್ಲಿ ಸ್ಫಟಿಕದ ಮೇಲೆ ಚಿತ್ರ ಕೊರೆಯುವುದರಲ್ಲಿ ಹೆಸರಾದವನು. ಪೋಪ್ ಏಳನೆಯ ಕ್ಲೆಮೆಂಟ್‌ಗಾಗಿ ಅವನು ಮಾಡಿದ ಸ್ಫಟಿಕದ ಪೆಟ್ಟಿಗೆ ಈಗ ಫ್ಲಾರೆನ್ಸ್‌ನಲ್ಲಿದೆ.

20ನೆಯ ಶತಮಾನದಲ್ಲಿ ಯಂತ್ರ ಬಂದಿತು. ವಿಚೆಂಜಾ ಸರಗಳ ಊರಾಯಿತು. ಯಂತ್ರ ತಂತಿಯನ್ನು ಕತ್ತರಿಸಿ, ಬಾಗಿಸಿ, ಕೊಂಡಿಯೊಳಗೆ ಕೊಂಡಿ ಸೇರಿಸುತ್ತ ಹೋಗುತ್ತದೆ. ಬೆಸುಗೆಯ ಪುಡಿ ಹಚ್ಚಿದ ಸರಕ್ಕೆ ಟಾಲ್ಕ್ ಪುಡಿ ಹಾಕಿ, ಕೊಂಡಿಗಳು ಒಂದಕ್ಕೊಂದು ಅಂಟದಂತೆ ಕುಲುಮೆಯೊಳಗೆ ಸಾಗಿಸುತ್ತಾರೆ. ಟೊಳ್ಳು ಸರದ ಕೆಲಸ ಇನ್ನೂ ಸೊಗಸು. ಚಿನ್ನದ ತೆಳು ತಗಡನ್ನು ಕಬ್ಬಿಣ ಅಥವಾ ತಾಮ್ರದ ತಂತಿಗೆ ಸುತ್ತಿ ಸರ ಮಾಡುತ್ತಾರೆ, ಆಮೇಲೆ ಆಮ್ಲದಲ್ಲಿ ಮುಳುಗಿಸುತ್ತಾರೆ. ಒಳಗಿನ ಲೋಹ ಕರಗಿ ಚಿನ್ನ ಮಾತ್ರ ಉಳಿಯುತ್ತದೆ. ದಪ್ಪ ಕಾಣುವ ಸರ, ಹಗುರ ತೂಕ. ಪಲ್ಲಾದಿಯೋನ ಕಂಬಗಳನ್ನು ಕಂಡವರಿಗೆ ಈ ಜಾಣತನ ಹೊಸದೆನಿಸದು. ಬೆಂಗಳೂರಿನ ಅಂಗಡಿಗಳಲ್ಲಿ ‘ಇಟಾಲಿಯನ್ ಚೈನ್’ ಎಂದು ಕೇಳಿ ಪಡೆಯುವ ಬಗೆಗಳ ಮೂಲ ಇಂಥ ಯಂತ್ರಗಳು. ನಮ್ಮಲ್ಲಿ 916 ರೂಢಿಯಾದರೆ ಅಲ್ಲಿ 750, ಅಂದರೆ 18 ಕ್ಯಾರೆಟ್. ಕೊಕ್ಕೆಯ ಬಳಿ ನಕ್ಷತ್ರ, ಸಂಖ್ಯೆ ಮತ್ತು ಪ್ರಾಂತದ ಗುರುತಾದ ಎರಡಕ್ಷರದ ಮುದ್ರೆ ಇದ್ದರೆ ತಯಾರಕ ಯಾವ ಪ್ರಾಂತದವನೆಂದು ತಿಳಿಯುತ್ತದೆ.

ವಿಚೆಂಜಾದ ಚಿನ್ನದ ಮೇಳ 1954ರಿಂದ ನಡೆಯುತ್ತಿದೆ. ಈಗ ಜನವರಿ ಮತ್ತು ಸೆಪ್ಟೆಂಬರ್‌ನಲ್ಲಿ ಜಗತ್ತಿನ ವ್ಯಾಪಾರಿಗಳು ಸೇರುತ್ತಾರೆ. ಮೇಳದ ಅಬ್ಬರದಲ್ಲಿ ಸಣ್ಣ ಕಾರ್ಖಾನೆಗಳ ಪಾಡು ಕಾಣುವುದಿಲ್ಲ. ಟರ್ಕಿ, ಚೀನಾ, ಭಾರತದ ಪೈಪೋಟಿ ಒಂದು ಕಡೆ, ಏರಿದ ಚಿನ್ನದ ಬೆಲೆ ಇನ್ನೊಂದು ಕಡೆ. ಈ ಶತಮಾನದ ಮೊದಲ ದಶಕದಿಂದ ಅನೇಕ ಮನೆತನದ ಕಾರ್ಖಾನೆಗಳು ಮುಚ್ಚಿವೆ. 2014ರಲ್ಲಿ ಬೆಸಿಲಿಕಾದೊಳಗೇ ಆಭರಣಗಳ ವಸ್ತುಸಂಗ್ರಹಾಲಯವೊಂದು ತೆರೆಯಿತು. ಆದರೆ ಒಡವೆ ಮಾಡುವ ಜಾಗಗಳು ಊರಾಚೆಯ ಕೈಗಾರಿಕಾ ಪ್ರದೇಶದಲ್ಲಿ, ಕಾವಲಿನ ಬಾಗಿಲುಗಳ ಹಿಂದೆ ಇವೆ. ಪ್ರವಾಸಿ ಅಲ್ಲಿಗೆ ಹೋಗಲಾರ. ಪಲ್ಲಾದಿಯೋನ ಒಂದು ಕಂಬದ ಗಾರೆ ಉದುರಿದರೆ ಅದನ್ನು ಸರಿಪಡಿಸಲು ಕಾನೂನಿದೆ, ಇಲಾಖೆ ಇದೆ. ಮುಚ್ಚಿದ ಕಾರ್ಖಾನೆಯ ಬೆಸುಗೆಗಾರನ ಕೌಶಲಕ್ಕೆ ಅಂಥ ಏರ್ಪಾಡಿಲ್ಲ.